ಮಲೆನಾಡಿನ ಸೊಪ್ಪು ಮತ್ತು ಭೂಸಾರದ ಸಮತೂಕ

(ಸಕಲೇಶಪುರ ಮತ್ತು ಆಲೂರು ಸೀಮೆಯ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಉಪಯುಕ್ತವಾದ ಉಪನ್ಯಾಸ)



ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಗದ್ದೆಗೆ ಎಂಬುದು ಮಲೆನಾಡಿನ ಬೇಸಾಯದ ಹಳೆಯ ಕ್ರಮ. ಸಕಲೇಶಪುರದ ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳಲ್ಲಾಗಲಿ, ಆಲೂರಿನ ಪಾಳ್ಯ, ಕುಂದೂರು ಹೋಬಳಿಗಳಲ್ಲಾಗಲಿ, ಮಳೆಗಾಲದಲ್ಲಿ ಹಸಿ ಸೊಪ್ಪನ್ನೂ ಬೇಸಿಗೆಯಲ್ಲಿ ತರಗನ್ನೂ ದನಗಳ ಕಾಲಡಿಗೆ ಹಾಸಿ ಗೊಬ್ಬರ ಮಾಡುವುದು ಹಿರಿಯರಿಂದ ಬಂದ ಪದ್ಧತಿ. ಗದ್ದೆ ಕಡಮೆಯಾಗಿ ಕಾಫಿ, ಮೆಣಸು, ಅಡಕೆಗಳು ಹೆಚ್ಚಿದ ಮೇಲೂ ಸೊಪ್ಪಿನ ಅವಶ್ಯಕತೆ ತಪ್ಪಿಲ್ಲ. ತೋಟದ ಗಿಡಗಳ ಬುಡಕ್ಕೂ ಅದು ಬೇಕು.

ಸೊಪ್ಪನ್ನು ಹೊರೆಯ ಲೆಕ್ಕದಲ್ಲಿ ಎಣಿಸುವುದು ಎಲ್ಲೆಡೆಯ ವಾಡಿಕೆ. ಇಷ್ಟು ಹೊರೆ ಬಿದ್ದಿತು, ಆದ್ದರಿಂದ ಇಷ್ಟು ಗೊಬ್ಬರವಾಯಿತು ಎಂದು ರೈತನು ಸಮಾಧಾನಪಡುತ್ತಾನೆ. ಆದರೆ ಗುಡ್ಡದ ನೆತ್ತಿಯ ಒಂದು ಹೊರೆಯೂ ಹಳ್ಳದ ದಡದ ಒಂದು ಹೊರೆಯೂ ತೂಕದಲ್ಲಿ ಸಮನಾಗಿದ್ದರೂ ಸಾರದಲ್ಲಿ ಸಮನಾಗಿರುವುದಿಲ್ಲ. ಎಲೆಯು ತಾನು ಹುಟ್ಟಿದ ನೆಲದ ಜಮಾಖರ್ಚಿನ ಪುಸ್ತಕವಿದ್ದಂತೆ. ನೆಲದಲ್ಲಿ ಯಾವುದು ಧಾರಾಳವೋ ಯಾವುದು ಕೊರತೆಯೋ ಅದು ಎಲೆಯಲ್ಲಿ ಬರೆದಿರುತ್ತದೆ. ಆ ಪುಸ್ತಕವನ್ನು ಓದದೆ ವರ್ಷವರ್ಷವೂ ಸೊಪ್ಪನ್ನು ಇಳಿಸುತ್ತ ಹೋದರೆ ಗದ್ದೆಗೆ ಬೇಕಾದದ್ದು ಪೂರ್ಣವಾಗಿ ಸಿಕ್ಕುವುದಿಲ್ಲ, ಬೆಟ್ಟದಲ್ಲಿ ಇರಬೇಕಾದದ್ದು ಉಳಿಯುವುದೂ ಇಲ್ಲ.

ಎಲೆಯಲ್ಲಿರುವ ಸಾರಗಳು

ಹಸಿ ಸೊಪ್ಪಿನ ತೂಕದಲ್ಲಿ ಬಹುಪಾಲು ನೀರು. ನೀರು ಆರಿದ ಮೇಲೆ ಉಳಿಯುವ ಒಣ ವಸ್ತುವಿನಲ್ಲಿ ನೂರು ಪಾಲಿಗೆ ಸಾಮಾನ್ಯವಾಗಿ 1 ರಿಂದ 4 ಪಾಲಿನವರೆಗೆ ಸಾರಜನಕವಿರುತ್ತದೆ. ರಂಜಕವು ಬಹಳ ಅಲ್ಪ. ಕಾಲು ಪಾಲನ್ನು ಮುಟ್ಟುವುದೇ ಅಪರೂಪ. ಇವಲ್ಲದೆ ಪೊಟ್ಯಾಷ್, ಸುಣ್ಣ, ಮೆಗ್ನೀಷಿಯಂ, ಗಂಧಕಗಳೂ, ಅತ್ಯಲ್ಪವಾಗಿ ಕಬ್ಬಿಣ, ಸತು ಮೊದಲಾದುವೂ ಉಂಟು.

ಇವುಗಳಲ್ಲಿ ಒಂದು ಕಡಮೆಯಾದರೆ ಮತ್ತೊಂದು ಅದರ ಸ್ಥಾನವನ್ನು ತುಂಬಲಾರದು. ಕೆರೆಯ ಏರಿ ಎಲ್ಲಿ ಅತ್ಯಂತ ತಗ್ಗಾಗಿದೆಯೋ ಅಲ್ಲಿಯ ಮಟ್ಟಕ್ಕಿಂತ ಮೇಲೆ ನೀರು ನಿಲ್ಲುವುದಿಲ್ಲ. ಉಳಿದ ಕಡೆ ಏರಿಯನ್ನು ಎಷ್ಟು ಎತ್ತರಿಸಿದರೂ ವ್ಯರ್ಥ. ಬೆಳೆಯ ವಿಷಯವೂ ಹಾಗೆಯೇ. ಜರ್ಮನಿಯ ಸ್ಪ್ರೆಂಗೆಲ್ ಎಂಬವರು 1828ರಲ್ಲಿ ಹೇಳಿದ, ಅನಂತರ ಲೀಬಿಗ್ ಎಂಬವರು ಲೋಕಕ್ಕೆಲ್ಲ ಪ್ರಚುರಪಡಿಸಿದ ಈ ನಿಯಮವು ಇಂದಿಗೂ ಭೂಸಾರ ಶಾಸ್ತ್ರದ ತಳಹದಿಯಾಗಿದೆ. ಆದ್ದರಿಂದ ಎಲೆಯಲ್ಲಿ ಸಾರವೆಷ್ಟು ಎಂಬುದರ ಜೊತೆಗೆ ಒಂದು ಸಾರಕ್ಕೂ ಇನ್ನೊಂದಕ್ಕೂ ಇರುವ ಪ್ರಮಾಣವೇನು ಎಂಬುದನ್ನೂ ನೋಡತಕ್ಕದ್ದು.

ಈ ಪ್ರಮಾಣಗಳಲ್ಲಿ ಸಾರಜನಕಕ್ಕೂ ರಂಜಕಕ್ಕೂ ಇರುವುದು ಮುಖ್ಯವಾದದ್ದು. 1996ರಲ್ಲಿ ಹಾಲೆಂಡಿನ ಕೋರ್ಸೆಲ್ಮನ್ ಮತ್ತು ಮೋಯ್ಲೆಮನ್ ಎಂಬ ವಿದ್ವಾಂಸರು ಯುರೋಪಿನ ಜೌಗು ನೆಲದ ಗಿಡಗಳನ್ನು ಪರಿಶೀಲಿಸಿ, ಎಲೆಯ 1 ಪಾಲು ರಂಜಕಕ್ಕೆ ಸಾರಜನಕವು 14 ಪಾಲಿಗಿಂತ ಕಡಮೆಯಾದರೆ ಅಲ್ಲಿ ಸಾರಜನಕದ ಕೊರತೆಯೆಂತಲೂ, 16 ಪಾಲನ್ನು ಮೀರಿದರೆ ರಂಜಕದ ಕೊರತೆಯೆಂತಲೂ ಸೂಚಿಸಿದರು. ಈ ಗೆರೆಗಳು ಎಲ್ಲ ನೆಲಕ್ಕೂ ಕಟ್ಟುನಿಟ್ಟಾಗಿ ಅನ್ವಯಿಸತಕ್ಕವಲ್ಲವಾದರೂ ತಕ್ಕಡಿಯು ಯಾವ ಕಡೆಗೆ ಇಳಿದಿದೆಯೆಂದು ತಿಳಿಯಲು ಸಾಕು. 2004ರಲ್ಲಿ ರೀಕ್ ಮತ್ತು ಓಲೆಕ್ಸಿನ್ ಎಂಬವರು ಪ್ರಪಂಚದ 452 ಸ್ಥಳಗಳ 1,280 ಜಾತಿಯ ಗಿಡಗಳ ಅಂಕಿಗಳನ್ನು ಒಟ್ಟುಮಾಡಿ ನೋಡಿದಾಗ, ಶೀತ ದೇಶಗಳಿಂದ ಉಷ್ಣ ದೇಶಗಳ ಕಡೆಗೆ ಬಂದಂತೆ ಎಲೆಗಳಲ್ಲಿ ರಂಜಕವು ಸಾರಜನಕಕ್ಕಿಂತ ಬೇಗನೆ ಇಳಿದುಹೋಗುವುದು ಕಂಡುಬಂದಿತು.

ಈ ಸೀಮೆಯ ನೆಲದ ಸ್ವಭಾವ

ಉಷ್ಣ ದೇಶಗಳ ಈ ನ್ಯೂನತೆ ಸಕಲೇಶಪುರದ ಬೆಟ್ಟಗಳಲ್ಲಿ ಏಕೆ ಇನ್ನೂ ಹೆಚ್ಚು ನಿರೀಕ್ಷಿಸತಕ್ಕದ್ದು ಎಂಬುದಕ್ಕೆ ಮಳೆಯೂ ಮಣ್ಣೂ ಉತ್ತರ ಹೇಳುತ್ತವೆ. ಸಕಲೇಶಪುರ ಪೇಟೆಯ ಸುತ್ತ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ. ಪಶ್ಚಿಮದ ಅಂಚಿನಲ್ಲಿ, ಬಿಸಿಲೆ ಘಟ್ಟದ ಕಡೆ, ಅದರ ಎರಡರಷ್ಟನ್ನೂ ಮೀರುತ್ತದೆ. ಪೂರ್ವಕ್ಕೆ ಆಲೂರಿನ ಕಡೆ ಬಂದರೆ ಅದರ ಅರ್ಧದಷ್ಟಕ್ಕೆ ಇಳಿಯುತ್ತದೆ. ಇಷ್ಟು ಹತ್ತಿರದ ಊರುಗಳ ನಡುವೆ ಇಷ್ಟು ವ್ಯತ್ಯಾಸವಿರುವ ಸೀಮೆಗಳು ವಿರಳ.

ಸುರಿಯುವ ಮಳೆಯು ಸಾವಿರಾರು ವರ್ಷ ಮಣ್ಣನ್ನು ತೊಳೆದು ಸುಣ್ಣ, ಪೊಟ್ಯಾಷ್, ಮೆಗ್ನೀಷಿಯಂಗಳನ್ನು ಹೊಳೆಗೆ ಒಯ್ದಿದೆ. ಉಳಿದಿರುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೆಚ್ಚಾಗಿರುವ ಕೆಂಪು ಮಣ್ಣು; ಹುಳಿ ಗುಣವುಳ್ಳದ್ದು. ಇಂತಹ ಮಣ್ಣಿನಲ್ಲಿ ರಂಜಕವು ಕಬ್ಬಿಣ ಮತ್ತು ಅಲ್ಯೂಮಿನಿಯಂಗಳೊಡನೆ ಬಿಗಿಯಾಗಿ ಸೇರಿಕೊಂಡುಬಿಡುತ್ತದೆ. ಪೆಟ್ಟಿಗೆಯಲ್ಲಿ ಹಣವಿದ್ದೂ ಬೀಗದ ಕೈ ಇಲ್ಲದ ಮನೆಯಂತೆ, ನೆಲದಲ್ಲಿ ರಂಜಕವಿದ್ದರೂ ಬೇರಿಗೆ ದಕ್ಕುವುದಿಲ್ಲ. ಸಾರಜನಕಕ್ಕಾದರೋ ಗಾಳಿಯೇ ಕಣಜ. ಗಂಟುಬೇರಿನ ಮರಗಳು ಅದನ್ನು ಇಳಿಸಿಕೊಡುತ್ತವೆ. ರಂಜಕಕ್ಕೆ ಅಂತಹ ಆಕಾಶವಿಲ್ಲ. ಕಲ್ಲು ಸವೆದು ಬಂದದ್ದನ್ನೇ ಕಾಡು ಎಲೆಗೂ ತರಗಿಗೂ ಬೇರಿಗೂ ಸುತ್ತಿಸಿ ಸುತ್ತಿಸಿ ಬಳಸುತ್ತದೆ.

ಸ್ಥಳಭೇದದಿಂದ ಎಲೆಯ ಭೇದ

ಒಂದೇ ಗ್ರಾಮದ ಎಲ್ಲೆಯೊಳಗೂ ನೆಲವು ಒಂದೇ ಬಗೆಯಾಗಿರುವುದಿಲ್ಲ. ಸೊಪ್ಪು ತರುವವರು ಕೆಳಕಂಡ ಐದು ಬಗೆಯ ಸ್ಥಳಗಳನ್ನು ಗುರುತಿಸಿಕೊಳ್ಳುವುದು ಒಳ್ಳೆಯದು.

ಮೊದಲನೆಯದು, ಗುಡ್ಡದ ನೆತ್ತಿ ಮತ್ತು ಬೋಳು ಇಳಿಜಾರು. ಇಲ್ಲಿಯ ಮಣ್ಣು ತೆಳು, ತೊಳೆದುಹೋದದ್ದು. ಹುಲ್ಲು, ಜರೀಗಿಡ, ನೆಕ್ಕರಿಕೆಗಳು ಇಲ್ಲಿ ಹೆಚ್ಚು. ನೆಕ್ಕರಿಕೆಯ ಎಲೆ ಅಲ್ಯೂಮಿನಿಯಂ ಅನ್ನು ಕೂಡಿಡುವ ಜಾತಿ. ಒಣ ಎಲೆಯ ಸಾವಿರ ಪಾಲಿಗೆ 1 ಪಾಲನ್ನೂ ಮೀರಿ ಅದು ಶೇಖರವಾಗುತ್ತದೆ. ಚಹಾ ಗಿಡದ ಹಳೆಯ ಎಲೆಗೂ ಇದೇ ಗುಣವುಂಟು. ಇಂತಹ ಗಿಡಗಳು ದಟ್ಟವಾಗಿ ಬೆಳೆದ ನೆಲ ಹುಳಿಯೆಂದೂ ರಂಜಕಕ್ಕೆ ಬಡದೆಂದೂ ತಿಳಿಯಬಹುದು. ಇಲ್ಲಿಯ ಸೊಪ್ಪಿನಿಂದ ಗದ್ದೆಗೆ ಆಗುವ ಲಾಭ ಸ್ವಲ್ಪ. ಗುಡ್ಡಕ್ಕೆ ಆಗುವ ನಷ್ಟ ಬಹಳ.

ಎರಡನೆಯದು, ಹೆಚ್ಚು ಮಳೆಯ ನಿತ್ಯಹಸಿರು ಕಾಡು. ಇಲ್ಲಿಯ ಎಲೆಗಳು ದಪ್ಪ, ನುಣುಪು, ಒಗರು. ಒಂದೊಂದು ಎಲೆಯೂ ವರ್ಷವನ್ನು ಮೀರಿ ಬಾಳುವುದುಂಟು. ಸಾರ ಸಿಕ್ಕುವುದು ಕಷ್ಟವಾದ ನೆಲದಲ್ಲಿ ಮರವು ಮಾಡಿಕೊಂಡ ಮಿತವ್ಯಯ ಇದು. ಇಂತಹ ಎಲೆಯಲ್ಲಿ ತೂಕಕ್ಕೆ ತಕ್ಕ ಸಾರವಿಲ್ಲ, ಬೇಗ ಕೊಳೆಯುವುದೂ ಇಲ್ಲ. ಕಾಡು ಸೊಂಪಾಗಿ ಕಂಡಮಾತ್ರಕ್ಕೆ ಅದರ ನೆಲ ಶ್ರೀಮಂತವೆಂದು ಭಾವಿಸಕೂಡದು. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಸೊಪ್ಪು ಕೊಯ್ಯುವುದು ಕಾನೂನಿಗೂ ವಿರೋಧ.

ಮೂರನೆಯದು, ಹಳ್ಳಕೊಳ್ಳಗಳ ದಡ ಮತ್ತು ತಗ್ಗು. ಮೇಲಿನಿಂದ ತೊಳೆದುಬಂದ ಗೋಡು ಇಲ್ಲಿ ನಿಲ್ಲುತ್ತದೆ. ಅತ್ತಿ, ಬಸರಿ, ಗೋಣಿ ಮೊದಲಾದ ಹಾಲುಮರಗಳ ಎಲೆಯಲ್ಲಿ ಸುಣ್ಣದ ಹರಳುಗಳೇ ಇರುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಹುಳಿ ಮಣ್ಣಿಗೆ ಇದು ಉಪಕಾರಿ. ಕಾಫಿ ತೋಟಗಳಲ್ಲಿ ಹಿಂದಿನವರು ಅತ್ತಿ, ಬಸರಿಗಳನ್ನು ನೆರಳಿಗೆ ಉಳಿಸಿಕೊಂಡದ್ದು ಸುಮ್ಮನಲ್ಲ. ಆದರೆ ದಡದ ಬೇರುಗಳು ಮಣ್ಣನ್ನು ಹಿಡಿದಿರುವುದರಿಂದ ಇಲ್ಲಿ ಕೊಂಬೆ ಕಡಿಯುವಾಗ ಕೈ ಹಿಡಿತದಲ್ಲಿರಬೇಕು.

ನಾಲ್ಕನೆಯದು, ಆಲೂರಿನ ಕಡೆಯ ಎಲೆಯುದುರುವ ಕಾಡು. ಮತ್ತಿ, ಹೊನ್ನೆ, ಬೀಟೆ, ನೆಲ್ಲಿಗಳು ಇಲ್ಲಿಯವು. ಮಳೆ ಮಿತವಾದ್ದರಿಂದ ಸುಣ್ಣ, ಪೊಟ್ಯಾಷ್‌ಗಳು ಅಷ್ಟಾಗಿ ತೊಳೆದುಹೋಗಿರುವುದಿಲ್ಲ. ಒಂದೇ ವರ್ಷ ಬಾಳುವ ಎಲೆ ತೆಳುವಾಗಿದ್ದು ಸಾಮಾನ್ಯವಾಗಿ ಸಾರವಾಗಿಯೂ ಇರುತ್ತದೆ, ಬೇಗನೆ ಕೊಳೆಯುತ್ತದೆ.

ಐದನೆಯದು, ಹಟ್ಟಿ, ಕೊಟ್ಟಿಗೆ, ಹಾಳುಬಿದ್ದ ಊರುಗಳ ಸುತ್ತಣ ನೆಲ. ತಲೆಮಾರುಗಳ ಸಗಣಿ, ಬೂದಿ, ಮೂಳೆಗಳಿಂದ ಇಲ್ಲಿ ರಂಜಕ ಕೂಡಿಕೊಂಡಿರುತ್ತದೆ. ಮನೆಮಠ ಅಳಿದು ಶತಮಾನಗಳಾದರೂ ಅಂತಹ ಸ್ಥಳವನ್ನು ಇಂಗ್ಲೆಂಡಿನಲ್ಲಿ ತುರಿಕೆಗಿಡದ ಸೊಂಪಿನಿಂದ ಗುರುತಿಸುತ್ತಾರೆ. ಇಲ್ಲಿಯ ಕಳೆಗಿಡಗಳ ಎಲೆಯಲ್ಲಿ ಸಾರಜನಕ, ರಂಜಕ ಎರಡೂ ಹೆಚ್ಚು. ಬೀಜ ಕಟ್ಟುವ ಮುಂಚೆ ಇವನ್ನು ಕೊಯ್ದು ತಿಪ್ಪೆಗೆ ಹಾಕಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ತಡಮಾಡಿದರೆ ಕಳೆಯೇ ಗದ್ದೆಗೆ ಹೋಗುತ್ತದೆ.

ಜಾತಿಭೇದ ಮತ್ತು ವಯಸ್ಸಿನ ಭೇದ

ಗಂಟುಬೇರಿನ ಮರಗಳಾದ ಹೊಂಗೆ, ಹಾಲವಾಣ, ಬಾಗೆ, ಹೊನ್ನೆ, ಬೀಟೆ, ಗ್ಲಿರಿಸಿಡಿಯಗಳು ಸಾರಜನಕದಲ್ಲಿ ಮುಂದು. ಹೊಂಗೆ, ಗ್ಲಿರಿಸಿಡಿಯಗಳ ಒಣ ಎಲೆಯ ನೂರು ಪಾಲಿನಲ್ಲಿ ಸುಮಾರು 3 ಪಾಲು ಸಾರಜನಕವುಂಟು. ಆದರೆ ರಂಜಕದಲ್ಲಿ ಇವೂ ಬಡವೇ. ಕಾಯಿ ಕೋಡಾಗಿದ್ದ ಮಾತ್ರಕ್ಕೆ ಎಲ್ಲ ಗಿಡಗಳೂ ಬೇರಿನಲ್ಲಿ ಗಂಟು ಕಟ್ಟುವುದಿಲ್ಲವೆಂಬುದನ್ನೂ ನೆನಪಿಡತಕ್ಕದ್ದು. ಕಕ್ಕೆ, ತಗಚೆಗಳಿಗೆ ಆ ಶಕ್ತಿಯಿಲ್ಲ.

ಎಳೆಯ ಎಲೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್‌ಗಳು ಹೆಚ್ಚು. ಬಲಿತಂತೆ ಇವು ಇಳಿದು ಸುಣ್ಣ ಏರುತ್ತದೆ. ಎಲೆ ಉದುರುವ ಮುನ್ನ ಮರವು ಅದರಲ್ಲಿದ್ದ ಸಾರಜನಕ ಮತ್ತು ರಂಜಕಗಳಲ್ಲಿ ಹೆಚ್ಚುಕಡಮೆ ಅರ್ಧವನ್ನು ಕೊಂಬೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹೀಗಿರುವುದರಿಂದ ತರಗು ಗುಡಿಸಿದರೆ ಮರವು ಬಿಟ್ಟುಕೊಟ್ಟದ್ದನ್ನು ತಂದಂತೆ. ಹಸಿ ಸೊಪ್ಪು ಕಡಿದರೆ ಮರದ ಬಂಡವಾಳಕ್ಕೆ ಕೈ ಹಾಕಿದಂತೆ. ಇನ್ನು ತರಗಿಗೂ ಒಡೆಯನುಂಟು. ಅದು ನೆಲದ ಹೊದಿಕೆ. ಅದರ ಅಡಿಯ ತೇವದಲ್ಲಿ ಬಾಳುವ ಶಿಲೀಂಧ್ರದ ನೂಲುಗಳು ಬೇರಿಗೆ ಅಂಟಿಕೊಂಡು ದೂರದ ರಂಜಕವನ್ನು ತಂದುಕೊಡುತ್ತವೆ. ನೆಲವನ್ನು ಬರಿದಾಗಿ ಗುಡಿಸಿದರೆ ಈ ಆಳುಗಳನ್ನೂ ಓಡಿಸಿದಂತಾಯಿತು.

ಗದ್ದೆಯ ಲೆಕ್ಕ

ಕಾಡಿನ ಸೊಪ್ಪು 1 ಪಾಲು ರಂಜಕದ ಜೊತೆಗೆ 15, 20 ಪಾಲು ಸಾರಜನಕವನ್ನು ತರುತ್ತದೆ ಎಂದು ಹಿಡಿಯಬಹುದು. ಬತ್ತದ ಕಾಳು ಗದ್ದೆಯಿಂದ ಹೊರಡುವಾಗ 1 ಪಾಲು ರಂಜಕದ ಜೊತೆಗೆ ಒಯ್ಯುವುದು 5 ಅಥವಾ 6 ಪಾಲು ಸಾರಜನಕವನ್ನು ಮಾತ್ರ. ಬರುವ ಗಾಡಿಯಲ್ಲಿಯೂ ಹೋಗುವ ಗಾಡಿಯಲ್ಲಿಯೂ ಪ್ರಮಾಣ ಬೇರೆ ಬೇರೆ.

ಉದಾಹರಣೆಗೆ, ನೂರಕ್ಕೆ 2 ಪಾಲು ಸಾರಜನಕ, ದಶಾಂಶ 1 ಪಾಲು ರಂಜಕವಿರುವ ಒಣ ಲೆಕ್ಕದ ಸೊಪ್ಪು 2,000 ಕಿಲೋ ಬಿದ್ದಿತೆಂದುಕೊಂಡರೆ, ಗದ್ದೆಗೆ ಬಂದದ್ದು 40 ಕಿಲೋ ಸಾರಜನಕ, 2 ಕಿಲೋ ರಂಜಕ. ಆ ಗದ್ದೆಯಲ್ಲಿ 2,000 ಕಿಲೋ ಬತ್ತ ಬೆಳೆದರೆ ಕಾಳು ಹುಲ್ಲು ಸೇರಿ ಸುಮಾರು 30 ರಿಂದ 40 ಕಿಲೋ ಸಾರಜನಕವನ್ನೂ 5, 6 ಕಿಲೋ ರಂಜಕವನ್ನೂ ತೆಗೆದುಕೊಳ್ಳುತ್ತದೆ. ಸಾರಜನಕದ ಬಾಬ್ತು ಹೆಚ್ಚುಕಡಮೆ ಸರಿಹೋಯಿತು. ರಂಜಕದ ಬಾಬ್ತಿನಲ್ಲಿ ಸುಮಾರು 4 ಕಿಲೋ ಬಾಕಿ ನಿಂತಿತು. ಸಾರಜನಕದಲ್ಲಿಯೂ ಒಂದು ಭಾಗ ನೀರಿನೊಡನೆ, ಗಾಳಿಯೊಡನೆ ಹೋಗುವುದರಿಂದ ರೈತನು ಇನ್ನಷ್ಟು ಸೊಪ್ಪು ಬೇಕೆಂದು ಬೆಟ್ಟ ಹತ್ತುತ್ತಾನೆ. ನೀರು ನಿಂತ ಬೈಲುಗದ್ದೆಯಲ್ಲಿ ಕಬ್ಬಿಣದ ಹಿಡಿತ ಸ್ವಲ್ಪ ಸಡಿಲವಾಗಿ ಬಂಧಿತ ರಂಜಕ ಬಿಡುಗಡೆಯಾಗುವುದರಿಂದ ಬಾಕಿಯು ಕೆಲವು ವರ್ಷ ಕಣ್ಣಿಗೆ ಬೀಳದು. ಮಕ್ಕಿಗದ್ದೆಯಲ್ಲಿಯೂ ತೋಟದಲ್ಲಿಯೂ ಬೇಗ ತೋರುತ್ತದೆ.

ಬೆಟ್ಟದ ಲೆಕ್ಕ

ಗದ್ದೆಗೆ ಸಾಲದ ಆ 2 ಕಿಲೋ ರಂಜಕವೂ ಬಂದದ್ದು ಬೆಟ್ಟದಿಂದ. ಅಲ್ಲಿಗೆ ಅದನ್ನು ಹಿಂದಕ್ಕೆ ಕೊಡುವವರಿಲ್ಲ. ಹಗಲೆಲ್ಲ ಗುಡ್ಡದಲ್ಲಿ ಮೇಯ್ದ ದನ ಸಂಜೆ ಕೊಟ್ಟಿಗೆಗೆ ಬಂದು ಸಗಣಿ ಹಾಕುವಾಗ ಅದೂ ಬೆಟ್ಟದ ರಂಜಕವನ್ನು ಹೊತ್ತು ತಂದ ಗಾಡಿಯೇ ಸರಿ. ಸೌದೆಯೂ ಹಾಗೆಯೇ. ಹೀಗೆ ಬೆಟ್ಟದ ಖಾತೆಯಲ್ಲಿ ಖರ್ಚು ಮಾತ್ರ ಬರೆದು ಜಮಾ ಬರೆಯದಿದ್ದರೆ ಮರಗಳ ಚಿಗುರು ಕುಗ್ಗುತ್ತದೆ. ಮತ್ತಿ, ಹೊನ್ನೆಗಳ ಜಾಗಕ್ಕೆ ಲಂಟಾನ, ಜರೀಗಿಡಗಳು ಬರುತ್ತವೆ. ತರಗಿಲ್ಲದ ಇಳಿಜಾರಿನ ಮಣ್ಣು ಆಷಾಢದ ಮಳೆಗೆ ಹಳ್ಳ ಸೇರುತ್ತದೆ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಹಾಕಿದರಂತೂ ಸಾರಜನಕ ಹೊಗೆಯಾಗಿ ಹೋಗಿ, ಉಳಿದ ಬೂದಿಯ ರಂಜಕ, ಪೊಟ್ಯಾಷ್‌ಗಳು ಮೊದಲ ಮಳೆಗೇ ಕೆಳಗಿಳಿಯುತ್ತವೆ. ಬೆಟ್ಟವು ಬಡವಾದ ಮೇಲೆ ಗದ್ದೆಯೊಂದೇ ಸುಖವಾಗಿರಲಾರದು.

1964ರ ಭೂಕಂದಾಯ ಅಧಿನಿಯಮವು ಹಳೆಯ ಮೈಸೂರು ಸೀಮೆಯ ಕಾನು ಮತ್ತು ಸೊಪ್ಪಿನಬೆಟ್ಟಗಳ ಸವಲತ್ತುಗಳನ್ನು ಮುಂದುವರಿಸಿತು. ಕಾಗದದಲ್ಲಿ ಸವಲತ್ತು ಉಳಿದು ನೆಲದಲ್ಲಿ ಸೊಪ್ಪು ಉಳಿಯದಿದ್ದರೆ ಅದರಿಂದ ಪ್ರಯೋಜನವೇನು? ಇದನ್ನು ಒಬ್ಬ ರೈತನು ಒಂಟಿಯಾಗಿ ಕಾಪಾಡಲಾರನು. ಊರಿನವರೆಲ್ಲ ಸೇರಿ ಕಟ್ಟುಪಾಡು ಮಾಡಿಕೊಳ್ಳಬೇಕು. ಮುಖಂಡರ ಹೊಣೆ ಇಲ್ಲಿಯೇ.

ಮಾಡತಕ್ಕ ಕೆಲಸಗಳು

ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೆ ಒಂದು ಪಾಲಿನಲ್ಲಿ ಮಾತ್ರ ಹಸಿ ಸೊಪ್ಪು ಕೊಯ್ದು, ಉಳಿದೆರಡಕ್ಕೆ ವಿಶ್ರಾಂತಿ ಕೊಡುವುದು ಉತ್ತಮ. ಮರದ ತಲೆಯನ್ನು ಬೋಳಿಸದೆ ಸುಳಿಯನ್ನೂ ಮೇಲಿನ ಕೊಂಬೆಗಳನ್ನೂ ಬಿಡಬೇಕು. ತರಗನ್ನು ಗುಡಿಸುವಾಗ ನೆಲ ಕಾಣದಷ್ಟು ಹೊದಿಕೆ ಉಳಿಯಬೇಕು. ಗುಡ್ಡದ ನೆತ್ತಿಯನ್ನು ಮುಟ್ಟದಿರುವುದೇ ಲೇಸು.

ಬೆಟ್ಟದ ಹೊರೆ ಇಳಿಯಬೇಕಾದರೆ ಬದುಗಳ ಮೇಲೂ ಬೇಲಿಯ ಸಾಲಿನಲ್ಲಿಯೂ ಗ್ಲಿರಿಸಿಡಿಯ, ಹಾಲವಾಣ, ಹೊಂಗೆಗಳನ್ನು ಬೆಳೆಸತಕ್ಕದ್ದು. ಇವುಗಳಿಂದ ಸಾರಜನಕ ಊರಿನಲ್ಲಿಯೇ ದೊರೆಯುತ್ತದೆ. ರಂಜಕವನ್ನಾದರೋ ಹೊರಗಿನಿಂದ ತರದೆ ವಿಧಿಯಿಲ್ಲ. ಮೂಳೆಪುಡಿ, ಶಿಲಾರಂಜಕಗಳು ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗುವುದರಿಂದ ಈ ಸೀಮೆಗೆ ಹೊಂದುತ್ತವೆ. ಗದ್ದೆಗೆ ಹಾಕುವುದಾದರೆ ನೀರು ಕಟ್ಟುವುದಕ್ಕೆ ಎರಡು ಮೂರು ವಾರ ಮುಂಚೆ ತೇವದ ಮಣ್ಣಿಗೆ ಬೆರಸಬೇಕು. ನೀರು ನಿಂತ ಮೇಲೆ ಹುಳಿ ತಗ್ಗಿ ಕರಗುವಿಕೆ ಕುಂಠಿತವಾಗುತ್ತದೆ. ಚೀಲದ ಮೇಲೆ ನಮೂದಿಸುವ ಅಂಕಿಯು ಶುದ್ಧ ರಂಜಕದ್ದಲ್ಲ, ಆಮ್ಲಜನಕದೊಡನೆ ಸೇರಿದ ರೂಪದ್ದು, ಅದನ್ನು 2.3ರಿಂದ ಭಾಗಿಸಿದರೆ ನಿಜವಾದ ರಂಜಕ ತಿಳಿಯುತ್ತದೆ. ಮೇಲಿನ ಉದಾಹರಣೆಯ 4 ಕಿಲೋ ಬಾಕಿಗೆ ನೂರಕ್ಕೆ 20ರ ಅಂಕಿಯ ಗೊಬ್ಬರ ಸುಮಾರು 45 ಕಿಲೋ ಬೇಕು. ಮನೆಯ ಒಲೆಯ ಬೂದಿಯನ್ನು ಒಣಗಿದ್ದಂತೆಯೇ ಕೂಡಿಟ್ಟು ತೋಟಕ್ಕೋ ಸೊಪ್ಪಿನ ಮರಗಳ ಬುಡಕ್ಕೋ ಹಾಕಬೇಕು. ಹಸಿ ಸಗಣಿಗೂ ಗಂಜಲಕ್ಕೂ ಬೆರಸಿದರೆ ಸಾರಜನಕ ಆವಿಯಾಗಿ ಹೋಗುತ್ತದೆ.

ಪರೀಕ್ಷಿಸಿ ನೋಡುವ ಬಗೆ

ಹಳೆಯ ಎಲೆ ಮೊದಲು ಹಳದಿಗೆ ತಿರುಗಿದರೆ ಸಾರಜನಕದ ಕೊರತೆ. ಪೈರು ಕುಳ್ಳಾಗಿ, ಕಪ್ಪು ಹಸಿರಾಗಿ, ಹೊಡೆ ಕಡಮೆಯಾಗಿದ್ದರೆ ರಂಜಕದ ಕೊರತೆ. ಹಳೆಯ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಷ್ ಕೊರತೆ ಎಂದು ಸಾಮಾನ್ಯವಾಗಿ ಊಹಿಸಬಹುದು. ನಿಶ್ಚಯಕ್ಕೆ ಪ್ರಯೋಗಾಲಯವೇ ಬೇಕು. ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣಿನ ಪರೀಕ್ಷೆಯ ವಿಷಯವಾಗಿ ಸಲಹೆ ಪಡೆಯಬಹುದು. ಎಲೆಯನ್ನು ಪರೀಕ್ಷೆಗೆ ಕಳುಹಿಸುವಾಗ ಒಂದೇ ಜಾತಿಯ ಹಲವು ಮರಗಳಿಂದ, ಬಿಸಿಲು ಬೀಳುವ ಕಡೆಯ, ಒಂದೇ ವಯಸ್ಸಿನ ಎಲೆಗಳನ್ನು ಆರಿಸಿ, ನೆರಳಿನಲ್ಲಿ ಆರಿಸಿಕೊಂಡು, ಕಾಗದದ ಚೀಲದಲ್ಲಿ ಹಾಕಿ, ಸ್ಥಳದ ವಿವರ ಬರೆಯತಕ್ಕದ್ದು. ನೆತ್ತಿಯ ಎಲೆಯನ್ನೂ ಹಳ್ಳದ ಎಲೆಯನ್ನೂ ಬೆರಸಿದರೆ ಪರೀಕ್ಷೆಯೇ ನಿಷ್ಪ್ರಯೋಜಕ.

ಗದ್ದೆಯಲ್ಲಿಯೂ ಒಂದು ಸುಲಭ ಪರೀಕ್ಷೆಯುಂಟು. ಸಮನಾದ ಮೂರು ಮಡಿಗಳನ್ನು ನೀರು ಬೆರೆಯದಂತೆ ಬದು ಕಟ್ಟಿ, ಒಂದಕ್ಕೆ ಸೊಪ್ಪು ಮಾತ್ರ, ಎರಡನೆಯದಕ್ಕೆ ಅಷ್ಟೇ ಸೊಪ್ಪು ಮತ್ತು ಮೂಳೆಪುಡಿ, ಮೂರನೆಯದಕ್ಕೆ ಅಷ್ಟೇ ಸೊಪ್ಪು ಮತ್ತು ಬೂದಿ ಹಾಕಿ, ಎರಡು ವರ್ಷ ಕಾಳನ್ನು ತೂಗಿ ಬರೆದಿಡುವುದು. ಊರಿನಲ್ಲಿ ಒಬ್ಬರು ಇದನ್ನು ಮಾಡಿದರೆ ಊರಿಗೆಲ್ಲ ದಾರಿ ತಿಳಿಯುತ್ತದೆ.

ಸಾರಾಂಶ

1. ಹೊರೆಯನ್ನು ಎಣಿಸುವುದರ ಜೊತೆಗೆ ಸೊಪ್ಪು ಯಾವ ಸ್ಥಳದ್ದು, ಯಾವ ಜಾತಿಯದು, ಎಷ್ಟು ಬಲಿತದ್ದು ಎಂದು ನೋಡತಕ್ಕದ್ದು.

2. ಈ ಸೀಮೆಯ ಸೊಪ್ಪಿನಿಂದ ಸಾರಜನಕ ಒದಗಿದರೂ ರಂಜಕ ಸಾಲದು. ಅದನ್ನು ಮೂಳೆಪುಡಿ, ಶಿಲಾರಂಜಕ, ಬೂದಿಗಳಿಂದ ತುಂಬಬೇಕು.

3. ಗುಡ್ಡದ ನೆತ್ತಿಯನ್ನು ಬಿಟ್ಟು, ಉಳಿದ ಬೆಟ್ಟವನ್ನು ಮೂರು ಪಾಲು ಮಾಡಿ ಸರದಿಯಿಂದ ಕೊಯ್ಯಬೇಕು, ಬೆಂಕಿ ಹಾಕಕೂಡದು.

4. ಬದುಗಳಲ್ಲಿ ಸೊಪ್ಪಿನ ಮರಗಳನ್ನು ಬೆಳೆಸಿ ಬೆಟ್ಟದ ಮೇಲಿನ ಭಾರವನ್ನು ಇಳಿಸಬೇಕು.

5. ಈ ಕಟ್ಟುಪಾಡುಗಳನ್ನು ಮುಂಗಾರಿಗೆ ಮುಂಚೆಯೇ ಊರಿನ ಸಭೆಯಲ್ಲಿ ಗೊತ್ತುಮಾಡಿ, ಯಾವ ವರ್ಷ ಯಾವ ಪಾಲೆಂಬುದನ್ನು ಬರೆದಿಡುವುದು ಮುಖಂಡರ ಕರ್ತವ್ಯ.